ಕೆಂಪು ತಂಡಕ್ಕೆ ಎಷ್ಟನೇ ಸ್ಥಾನ

ಹಿರೋಷಿಮಾದಲ್ಲಿ ಬೇಸ್‌ಬಾಲ್ ಗೊತ್ತಿಲ್ಲದವರನ್ನು ಜನ ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ. ಭಾನುಮತಿ ಆ ನೋಟವನ್ನು ಎರಡು ವರ್ಷ ಸಹಿಸಿಕೊಂಡಳು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಅವಳದು. ಅಲ್ಲಿ ಊಟದ ಹೊತ್ತಿನಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಮೂರನೆಯ ವರ್ಷ ಮಾರ್ಚ್‌ನಲ್ಲಿ ತಡೆಯಲಾರದೆ ಒಂದು ಭವಿಷ್ಯವಾಣಿ ಮಂಡಲಿಯನ್ನೇ ಸ್ಥಾಪಿಸಿಬಿಟ್ಟಳು.

ಮಂಡಲಿ ಎಂದರೆ ನಾಲ್ಕೇ ಜನ. ಗಂಡ ಶ್ರೀಪಾದ ವಿಶ್ವವಿದ್ಯಾಲಯದಲ್ಲಿ ಪಾಚಿಯ ಮೇಲೆ ಸಂಶೋಧನೆ ಮಾಡುವವನು (ಮನೆಯಲ್ಲಿ ಅವನು ಆಡುವ ಮಾತೂ ಪಾಚಿಯಷ್ಟೇ). ಅದೇ ಲ್ಯಾಬಿನ ವಿದ್ಯಾರ್ಥಿ ಸುಪ್ರೀತ್. ಪಕ್ಕದ ಮನೆಯ ಒಕುಮುರಾ ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ), ನಲವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದ ಎಪ್ಪತ್ತಾರರ ಅಜ್ಜಿ. ಉಳಿದವಳು ಭಾನುಮತಿ: ಅಧ್ಯಕ್ಷೆ, ಕಾರ್ಯದರ್ಶಿ, ತೀರ್ಪುಗಾರ್ತಿ ಎಲ್ಲ ಅವಳೇ.

ಲೀಗಿನಲ್ಲಿ ಆರು ತಂಡ. ಯಾವುದು ಎಷ್ಟನೆಯದಾಗಿ ಮುಗಿಸುತ್ತದೆಂದು ಪಂದ್ಯಗಳು ಶುರುವಾಗುವ ಮೊದಲೇ ಬರೆದು, ಲಕೋಟೆ ಅಂಟಿಸಿ, ಭಾನುಮತಿಯ ಫ್ರಿಜ್ಜಿನ ಮೇಲಿನ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಅಕ್ಟೋಬರ್‌ನಲ್ಲಿ ತೆರೆಯುವುದು. ಗೆದ್ದವರಿಗೆ ಒಂದು ಡಬ್ಬಿ ಮೈಸೂರ್ ಪಾಕ್. ಒಮ್ಮೆ ಹಾಕಿದ ಚೀಟಿಯನ್ನು ಯಾವ ಕಾರಣಕ್ಕೂ ಬದಲಿಸುವಂತಿಲ್ಲ ಎಂಬ ಸಾಲನ್ನು ಅವಳು ಮೂರು ಭಾಷೆಗಳಲ್ಲಿ, ದಪ್ಪಕ್ಷರಗಳಲ್ಲಿ ಅಚ್ಚು ಮಾಡಿಸಿ ಹಂಚಿದ್ದಳು.

ಎರಡು ಭಾನುವಾರ ಅಂಕಿಅಂಶಗಳಲ್ಲಿ ಮುಳುಗೆದ್ದು ಅವಳು ಊರಿನ ಕೆಂಪು ತಂಡವನ್ನು ಆರನೆಯ ಸ್ಥಾನಕ್ಕೆ ಬರೆದಳು. ಶ್ರೀಪಾದ ಇಣುಕಿ ನೋಡಿದ.

"ಒಕುಮುರಾ ಸಾನ್‌ಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ ಕಣೇ."

"ಇದು ಡೇಟಾ ರೀ. ಸೈಂಟಿಸ್ಟ್ ಆಗಿ ನೀವೇ ಹೀಗಂದ್ರೆ ಹೆಂಗೆ?"

ಒಕುಮುರಾ ಸಾನ್ ಆ ತಂಡದ ಪರಮಭಕ್ತೆ. ಕೆಂಪು ಅಂಗಿ, ಕೆಂಪು ಟೋಪಿ ಹಾಕಿಕೊಂಡು ಟಿವಿಯ ಮುಂದೆ ಮಂಡಿಯೂರಿ ಕೂರುತ್ತಿದ್ದರು. ಆಟ ಕಲಿಯುವ ನೆಪದಲ್ಲಿ ಭಾನುಮತಿ ಭಾನುವಾರ ಮಧ್ಯಾಹ್ನಗಳಲ್ಲಿ ಅವರ ಮನೆಗೆ ಹೋಗತೊಡಗಿದಳು. ತಂಡ ಸೋಲುತ್ತಲೇ ಇತ್ತು. ಪ್ರತಿ ಸೋಲಿನ ಕೊನೆಗೂ ಅಜ್ಜಿ ಟಿವಿಗೆ ಸ್ವಲ್ಪ ಬಾಗಿ, ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಆಟಗಾರರಿಗೆ ಹೇಳುತ್ತಿದ್ದರು. ಸತತ ಒಂಬತ್ತನೆಯ ಸೋಲಿಗೂ ಅದೇ ಮಾತು, ಅದೇ ದನಿ. ಒಂದು ಕ್ಯಾಚ್ ಬಿಟ್ಟವನ ಇಡೀ ವಂಶವನ್ನು ಜಾಲಾಡುವ ಬೆಂಗಳೂರಿನ ಕ್ರಿಕೆಟ್ ಮನೆಯಲ್ಲಿ ಬೆಳೆದ ಭಾನುಮತಿ ಇಂಥದನ್ನು ಕಂಡಿರಲಿಲ್ಲ. ಪ್ರೀತಿ ಎಂದರೆ ಹೀಗಿರಬೇಕು ಅನ್ನಿಸಿತು ಅವಳಿಗೆ. ಜೂನ್‌ನಲ್ಲಿ ತಾನೂ ಒಂದು ಕೆಂಪು ಟೋಪಿ ಕೊಂಡಳು.

ಜುಲೈಯಲ್ಲಿ ಆ ಚೀಟಿ ಚುಚ್ಚತೊಡಗಿತು. ಇಂಥ ಅಜ್ಜಿಯ ಎದುರು, ನಿಮ್ಮ ತಂಡ ಕೊನೆ ಎಂದು ಹೇಗೆ ಓದುವುದು? ಶ್ರೀಪಾದ ಲ್ಯಾಬಿಗೆ ಹೋಗಿದ್ದ ಒಂದು ಮಧ್ಯಾಹ್ನ ಅಧ್ಯಕ್ಷೆ ಡಬ್ಬಿ ಇಳಿಸಿದಳು. ಕೆಂಪು ತಂಡವನ್ನು ಒಂದನೆಯ ಸ್ಥಾನಕ್ಕೇರಿಸಿ, ಉಳಿದ ಐದನ್ನೂ ಒಂದೊಂದು ಮೆಟ್ಟಿಲು ಕೆಳಗಿಳಿಸಿ, ಹೊಸ ಲಕೋಟೆ ಅಂಟಿಸಿದಳು. ಹಳೆಯದನ್ನು ಹರಿದು, ಸುಡಬಹುದಾದ ಕಸದ ಚೀಲಕ್ಕೆ ಹಾಕಿದಳು (ಈ ದೇಶದಲ್ಲಿ ಪಾಪವನ್ನೂ ವಿಂಗಡಿಸಿಯೇ ಎಸೆಯಬೇಕು).

ಅಕ್ಟೋಬರ್ ಬಂತು. ಕೆಂಪು ತಂಡ ಆರನೆಯದಾಗಿಯೇ ಮುಗಿಸಿತು. ಶನಿವಾರ ಸಂಜೆ ಎಲ್ಲರೂ ಸೇರಿದರು. ಸುಪ್ರೀತನ ಊಹೆಯಲ್ಲಿ ಮೂರು ಸರಿ. ತಂಡಗಳನ್ನು ಅಕಾರಾದಿಯಾಗಿ ಬರೆದಿದ್ದ ಶ್ರೀಪಾದನದು ಒಂದು. ಭಾನುಮತಿ ಎದ್ದು ನಿಂತು, ಒಂದನೆಯ ಸ್ಥಾನ ನಮ್ಮ ಕೆಂಪು ತಂಡ ಎಂದು ಓದಿ, ಅಜ್ಜಿಯ ಕಣ್ಣು ಒದ್ದೆಯಾಗಿದೆಯೇ ಎಂದು ನೋಡಿದಳು. ಆಗಿರಲಿಲ್ಲ. ಅವಳ ಒಟ್ಟು ಅಂಕ ಸೊನ್ನೆ.

ಒಕುಮುರಾ ಸಾನ್ ಅವರ ಚೀಟಿಯಲ್ಲಿ ನಾಲ್ಕು ಸರಿಯಿದ್ದವು. ಕೊನೆಯ ಸಾಲಿನಲ್ಲಿ, ಮುದ್ದಾದ ಅಕ್ಷರಗಳಲ್ಲಿ, ಆರನೆಯ ಸ್ಥಾನ: ಕೆಂಪು ತಂಡ.

ಭಾನುಮತಿ ಆ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನೀವೇ ಹೀಗೆ ಬರೆದಿರಾ ಎಂದು ಜಪಾನಿ ಭಾಷೆಯಲ್ಲಿ ತಡವರಿಸುತ್ತ ಕೇಳಿದಳು. ಅಜ್ಜಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ರೋಗಿ ಇಷ್ಟವಾದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರಬಹುದು, ಜ್ವರವನ್ನು ಮಾತ್ರ ಇದ್ದಷ್ಟೇ ಬರೆದುಕೊಳ್ಳಬೇಕಲ್ಲವೇ ಎಂದರು.

ಇಡೀ ಸೀಸನ್ ಬಾಯಿ ಬಿಡದಿದ್ದ ಶ್ರೀಪಾದನಿಗೆ ಈಗಲೇ ಮಾತು ಬರಬೇಕೇ?

"ಭಾನು, ನೀನೂ ಮಾರ್ಚ್‌ನಲ್ಲಿ ಆರನೇದು ಅಂತಾನೇ ಬರೆದಿದ್ಯಲ್ಲ? ಆ ಲಿಸ್ಟ್ ಪೂರ್ತಿ ಸರಿ ಇತ್ತು ಕಣೇ, ಆರಕ್ಕೆ ಆರೂ."

ಅಜ್ಜಿ ಏನೆಂದು ಕೇಳಿದರು. ಸುಪ್ರೀತ್ ಬಹಳ ಶ್ರದ್ಧೆಯಿಂದ, ಒಂದಕ್ಷರವೂ ಬಿಡದೆ ಜಪಾನಿಗೆ ಅನುವಾದಿಸಿದ.

ಒಕುಮುರಾ ಸಾನ್ ಭಾನುಮತಿಯ ಹೊಸ ಲಕೋಟೆಯನ್ನೊಮ್ಮೆ, ಅವಳ ತಲೆಯ ಮೇಲಿದ್ದ ಟೋಪಿಯನ್ನೊಮ್ಮೆ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೈಸೂರ್ ಪಾಕನ್ನು ತುಂಬ ಹೊಗಳಿ, ಎರಡು ತುಂಡು ತಿಂದರು. ಆಮೇಲೆ ಚಾಪೆಗೆ ಹಣೆ ತಾಗುವಷ್ಟು ಬಾಗಿ, ತೊಂದರೆಯಾಗದಿದ್ದರೆ ಮುಂದಿನ ವರ್ಷ ಲಕೋಟೆಗಳ ಡಬ್ಬಿ ತಮ್ಮ ಮನೆಯಲ್ಲಿರಬಹುದೇ ಎಂದು ಅತ್ಯಂತ ವಿನಯದಿಂದ ಕೇಳಿದರು.

"ಸುಮಿಮಾಸೆನ್," ಎಂದು ಜಪಾನಿಯಲ್ಲೇ ಕ್ಷಮೆ ಕೇಳಿದಳು ಭಾನುಮತಿ. ಡಬ್ಬಿಯ ಧೂಳೊರೆಸಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದಳು.