ಕೈ ಬೇಡದ ದೋಣಿ

ಗಂಡ ಸದಾ ಕಣ್ಣೆದುರಿಗೇ ಇರಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಹೆಂಗಸರಿದ್ದಾರೆ. ಬೋಟಿನವರ ಹೆಂಡತಿಯರಂತೂ ಇದನ್ನು ತಪ್ಪದೆ ಬೇಡುತ್ತಾರೆ. ನಾನೂ ಇಪ್ಪತ್ತೆರಡು ವರ್ಷ ಬೇಡಿದವಳೇ. ಬೇಡಿದ್ದು ಸಿಕ್ಕಿದ ಮೇಲೆ ಎಂಟು ತಿಂಗಳಲ್ಲಿ ನನಗಾದ ಅವಸ್ಥೆಯನ್ನು ನೋಡಿ ಈಗ ದೇವರೆದುರು ನಿಂತರೆ ಬಾಯಿ ತೆರೆಯಲೂ ಹೆದರುತ್ತೇನೆ.

ನನ್ನ ಯಜಮಾನರು ಮೋಹನ, ಮೀನಿನ ಬೋಟಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು. ಹೋದ ವರ್ಷ ಸಮುದ್ರದಲ್ಲಿ ಬಲೆ ಎಳೆಯುವಾಗ ವಿಂಚ್ ಯಂತ್ರದ ಹಗ್ಗ ಅವರ ಎಡಗೈಗೆ ಸುತ್ತಿಕೊಂಡಿತು. ವೈದ್ಯರು ಕೈಯನ್ನು ಉಳಿಸಿಕೊಟ್ಟರು. ಆದರೆ ಮೊಣಕೈಯಿಂದ ಕೆಳಗೆ ಶಕ್ತಿ ತಿರುಗಿ ಬರಲಿಲ್ಲ. ಅಂದಿನಿಂದ ಅವರು ಹೊನ್ನಾವರದ ಹೊಳೆದಂಡೆಯ ನಮ್ಮ ಮನೆಯಲ್ಲಿ ಕೂತರು. ಕೂತರು ಅಂದರೆ ಸುಮ್ಮನೆ ಅಲ್ಲ. ಚಟ್ನಿ ತರಿಯಾಯಿತು, ಬಾಗಿಲು ಕಿರುಗುಟ್ಟುತ್ತದೆ, ಪಕ್ಕದ ಮನೆಯವರು ಕೆಮ್ಮುವುದು ಜಾಸ್ತಿಯಾಯಿತು, ಹೊಳೆಯಲ್ಲಿ ಹೋಗುವ ಪ್ರತಿ ದೋಣಿಯ ಎಂಜಿನ್ನೂ ಹಾಳಾಗಿದೆ. ಇಷ್ಟನ್ನು ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಮೊದಲು ಕೇಳಿಸಿಕೊಂಡು ನಾನು ಭಟ್ಕಳಕ್ಕೆ ಹೊರಡಬೇಕು. ಅಲ್ಲಿನ ಒಂದು ಸಣ್ಣ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ನನ್ನ ಕೆಲಸ. ನನ್ನನ್ನು ಕಂಡು ಮುಖ ಅರಳಿಸಿದವರನ್ನು ಆ ಕುರ್ಚಿಯಲ್ಲಿ ಇದುವರೆಗೆ ನೋಡಿಲ್ಲ. ಮನೆಗೆ ಬಂದರೂ ಅದೇ ಕಥೆ.

ಮೊದಲು ರಜೆಯ ದಿನಗಳಲ್ಲಿ ಇವರು ತಮ್ಮ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೊಳೆಗೆ ಹೋಗಿ ಗಾಳ ಬಿಡುತ್ತಿದ್ದರು. ಮೀನು ಸಿಗಲಿ ಬಿಡಲಿ, ಬರುವಾಗ ಮುಖ ತೊಳೆದಿಟ್ಟ ಹಾಗಿರುತ್ತಿತ್ತು. ಕೈ ಹೋದ ಮೇಲೆ ಒಂದು ದಿನ ಯಾರಿಗೂ ಹೇಳದೆ ದೋಣಿ ಇಳಿಸಿದರು. ಒಂದೇ ಕೈಯಲ್ಲಿ ಹುಟ್ಟು ಹಾಕಿದರೆ ದೋಣಿ ಎಲ್ಲಿಗೆ ಹೋಗಬೇಕು? ಇದ್ದಲ್ಲೇ ಸುತ್ತಿತು. ದಂಡೆಯಲ್ಲಿದ್ದವರು ಯಾರೂ ನಗಲಿಲ್ಲ. ಅದನ್ನೇ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ದಡಕ್ಕೆ ಬಂದು ದೋಣಿಯನ್ನು ತೆಂಗಿನ ಬುಡದಲ್ಲಿ ಬೋರಲು ಹಾಕಿದರು. ಆಮೇಲೆ ಊಟವನ್ನೂ ಹೊಳೆಗೆ ಬೆನ್ನು ಹಾಕಿಯೇ ಮಾಡುತ್ತಿದ್ದರು.

ಇಂಥ ದಿನಗಳಲ್ಲಿ ಲ್ಯಾಬಿಗೆ ಇರ್ಷಾದ್ ಭಾಯಿ ಬಂದರು. ದುಬೈಯಲ್ಲಿ ಬಹಳ ವರ್ಷ ಇದ್ದು ಭಟ್ಕಳಕ್ಕೆ ಮರಳಿದ ಹಿರಿಯರು, ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವವರು. ಸೂಜಿ ಕಂಡರೆ ಅವರಿಗೆ ಭಯ. ಆ ಕಡೆ ನೋಡುತ್ತಿರಿ ಎಂದರೆ ಮೊಬೈಲ್ ತೆಗೆದು ವಿಡಿಯೋ ನೋಡುತ್ತಾರೆ. ಅವತ್ತಿನ ವಿಡಿಯೋದಲ್ಲಿ ಒಬ್ಬ ಮನುಷ್ಯ ನೀರಿನ ಮೇಲೆ ಕುರ್ಚಿಯಲ್ಲಿ ಕೂತವನಂತೆ ಕೂತು, ಸೈಕಲ್ ತುಳಿಯುತ್ತ, ಗಾಳ ಹಿಡಿದು ಹೋಗುತ್ತಿದ್ದ.

"ಇದೆಂತ ದೋಣಿ ಭಾಯಿ?"

"ಕಯಾಕ್ ಮೇಡಂ, ಪೆಡಲ್ ಕಯಾಕ್. ನನ್ ಹತ್ರನೂ ಉಂಟು, ತೆಂಗಿನಗುಂಡಿ ಬಂದರಲ್ಲಿ. ಸಾಮಾನಿನ ಸಂಗಡ ಹಡಗಲ್ಲಿ ತರಿಸಿದ್ದೆ. ಈಗ ಮಂಡಿ ಕೇಳೂದಿಲ್ಲ, ಯಾರಾದ್ರೂ ತಗೊಂಡ್ರೆ ಕೊಟ್ಟುಬಿಡೂದು."

"ಕೈ ಬೇಡವಾ?"

"ಕೈಗೆ ಕೆಲಸವೇ ಇಲ್ಲ! ಒಂದು ಕೈಯಲ್ಲಿ ಗಾಳ, ಇನ್ನೊಂದರಲ್ಲಿ ಚಾಯ್."

ಚಹಾದ ಕೈ ಇಲ್ಲದಿದ್ದರೂ ನಡೆಯುತ್ತದೆ ಎಂದು ನನಗೆ ಅಲ್ಲೇ ಹೊಳೆಯಿತು. ಆ ಸಂಭ್ರಮದಲ್ಲಿ ಇರ್ಷಾದ್ ಭಾಯಿಗೆ ಎರಡು ಸಲ ಚುಚ್ಚಿದೆ. ಪಾಪ, ಅವರು ವಿಡಿಯೋ ನೋಡುತ್ತಲೇ ಇದ್ದರು.

ಮುಂದಿನ ಮೂರು ವಾರ ನಾನು ಬಸ್ಸಿನಲ್ಲಿ ಕಯಾಕ್ ಶಾಸ್ತ್ರ ಓದಿದೆ. ನನ್ನ ಮದುವೆಗೆ ವರನನ್ನು ಆರಿಸುವಾಗ ಮನೆಯವರು ಕೇಳಿದ್ದು ಮೂರೇ ಪ್ರಶ್ನೆ. ಈ ದೋಣಿಗೆ ನಾನು ಇಪ್ಪತ್ತು ಪ್ರಶ್ನೆ ಬರೆದುಕೊಂಡೆ. ಅಗಲ ಎಷ್ಟು, ಎದ್ದು ನಿಂತರೆ ಮಗುಚುತ್ತದೆಯೆ, ಗಾಳದ ಕೋಲು ಸಿಕ್ಕಿಸಲು ತೂತು ಇದೆಯೆ, ಮರಳಿನ ಮೇಲೆ ಎಳೆಯಲು ಎಷ್ಟು ಜನ ಬೇಕು. ಇವುಗಳಲ್ಲಿ ಎರಡು ಜಾತಿ. ಒಂದಕ್ಕೆ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಎರಡು ಪಟ್ಟಿಗಳು. ಒಂದಾದ ಮೇಲೊಂದು ಕಾಲು ಒತ್ತಿದರೆ ಅವು ಆ ಕಡೆ ಈ ಕಡೆ ಬೀಸುತ್ತವೆ. ಇನ್ನೊಂದಕ್ಕೆ ಬೋಟಿನ ಹಾಗೆ ಪ್ರೊಪೆಲರ್. ಸೈಕಲ್ಲಿನಂತೆ ಪೂರ್ತಿ ಸುತ್ತು ತುಳಿಯಬೇಕು, ಹಿಮ್ಮುಖ ತುಳಿದರೆ ದೋಣಿ ಹಿಂದಕ್ಕೂ ಬರುತ್ತದೆ. ಇಷ್ಟು ತಿಳಿದ ಮೇಲೆ ನನಗೆ ಪಂಡಿತಳಾದ ಭಾವನೆ ಬಂತು. ಇವರಿಗೆ ಮಾತ್ರ ಒಂದಕ್ಷರ ಹೇಳಲಿಲ್ಲ. ಹೇಳಿದ್ದು ಇವರ ಅಕ್ಕನಿಗೆ. ಕಮಲಕ್ಕ ಕುಮಟೆ ಹತ್ತಿರದ ಬಾಡ ಎಂಬ ಊರಿನವರು, ಕುಮಟೆ ಪೇಟೆಯಲ್ಲಿ ಮೀನು ಮಾರುವವರು.

"ಕಾಲಲ್ಲಿ ತುಳಿಯೂದಾ?" ಕಮಲಕ್ಕ ಬುಟ್ಟಿಯ ಮೇಲಿನ ನೊಣ ಓಡಿಸುವುದನ್ನೂ ನಿಲ್ಲಿಸಿದರು. "ನೀರಿಗೆ ಇಳೂಕಿಂತ ಮುಂಚೆ ಕೈ ಮುಗಿಯೋ ಜನ ನಾವು. ಗಂಗಮ್ಮನ ಮೈಮೇಲೆ ಕೂತ್ಕಂಡು ತುಳದ್ರೆ ಅವ್ಳು ಸುಮ್ನಿರ್ತಾಳಾ?"

"ಅವರು ಕೈ ಮುಗಿಯುದು ಹೇಗೆ ಅಕ್ಕಾ? ಒಂದೇ ಕೈ."

ಕಮಲಕ್ಕ ಮತ್ತೆ ನೊಣ ಓಡಿಸತೊಡಗಿದರು. ಆಮೇಲೆ ನಾಲ್ಕು ಬಂಗಡೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿ, "ಗಟ್ಟಿ ಇದ್ದದ್ದು ನೋಡಿ ತಕ," ಎಂದರು.

ಗಟ್ಟಿ ಇದೆಯೋ ಇಲ್ಲವೋ ನೋಡಲು ಒಂದು ಭಾನುವಾರ ತೆಂಗಿನಗುಂಡಿಗೆ ಹೋದೆ. ಇರ್ಷಾದ್ ಭಾಯಿಯದು ರೆಕ್ಕೆಯ ಜಾತಿ, ಹಳದಿ ಬಣ್ಣ, ಒಬ್ಬರು ಕೂರುವಂಥದ್ದು. ದಂಡೆಯಲ್ಲಿ ನೋಡಿ ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಬೇರೆಯವರ ಗಂಡಂದಿರು ಕೂತ ವಿಡಿಯೋ ನಂಬಿ ನನ್ನ ಗಂಡನನ್ನು ನೀರಿಗೆ ಬಿಡುವುದು ಹೇಗೆ? ನನಗೆ ಈಜು ಬಾರದು. ಚೂಡಿದಾರದ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡು ಹತ್ತಿದೆ. ಇರ್ಷಾದ್ ಭಾಯಿ, "ಅಲ್ಲೊಂದು ಹಿಡಿ ಉಂಟು, ಅದು ಚುಕ್ಕಾಣಿ, ತಿರುಗಿಸ್ಲಿಕ್ಕೆ," ಎಂದದ್ದು ಕೇಳಿಸಿತ್ತು. ಆದರೆ ಎರಡು ತುಳಿತಕ್ಕೆ ದೋಣಿ ಹೊರಟ ರಭಸಕ್ಕೆ ನಾನು ಎರಡೂ ಕೈಗಳಿಂದ ಎರಡೂ ಅಂಚು ಹಿಡಿದವಳು ಬಿಡಲಿಲ್ಲ. ಕೈಗೆ ಕೆಲಸವೇ ಇಲ್ಲ ಎಂದಿದ್ದರು. ನನ್ನ ಕೈಗಳಿಗೆ ಅಷ್ಟು ಕೆಲಸ ಲ್ಯಾಬಿನಲ್ಲೂ ಇಲ್ಲ. ನಿಲ್ಲಿಸಬೇಕಾದರೆ ತುಳಿಯುವುದನ್ನು ಬಿಡಬೇಕು ಎಂಬ ಸಣ್ಣ ಸಂಗತಿ ಹೆದರಿದ ಕಾಲುಗಳಿಗೆ ಹೊಳೆಯಲಿಲ್ಲ. ದಂಡೆಯಿಂದ, "ಮೇಡಂ, ತಿರುಗಿಸಿ! ತಿರುಗಿಸಿ!" ಎಂಬ ಕೂಗು ಸಣ್ಣದಾಗುತ್ತ ಹೋಯಿತು. ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಯಿಂದ ಬರುತ್ತಿದ್ದ ದೋಣಿಯ ಇಬ್ಬರು ಮುದುಕರು ಅಡ್ಡ ಬಂದು ನನ್ನನ್ನು ಹಿಡಿದರು.

"ಎಲ್ಲಿಗೆ ಹೊರಟದ್ದು?" ಒಬ್ಬರು ಕೇಳಿದರು.

ನಾಚಿಕೆಗೆ ಬಾಯಿಗೆ ಬಂದದ್ದು ಹೇಳಿದೆ: "ಹೊನ್ನಾವರಕ್ಕೆ."

"ಬಸ್ಸು ಇತ್ತಲ್ಲ ಮಾರಾಯ್ತಿ!"

ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ದಂಡೆಯಲ್ಲಿ ಯಾರೋ ಪುಣ್ಯಾತ್ಮರು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ನಾನು ಹೊನ್ನಾವರಕ್ಕೆ ಬರುವ ಮೊದಲೇ ನನ್ನ ವಿಡಿಯೋ ಕುಮಟೆಗೆ ತಲುಪಿ, ಕಮಲಕ್ಕನ ಫೋನಿನಿಂದ ನಮ್ಮ ಮನೆಗೆ ಬಂದಾಗಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿಂದ ಒಂದು ವಿಚಿತ್ರ ಶಬ್ದ ಕೇಳಿಸಿತು. ಇವರಿಗೆ ಉಸಿರು ಕಟ್ಟಿತೇನೋ ಎಂದು ಓಡಿದೆ. ನಗುತ್ತಿದ್ದರು. ಎಂಟು ತಿಂಗಳಲ್ಲಿ ಮರೆತೇ ಹೋಗಿದ್ದ ಶಬ್ದವಾದ್ದರಿಂದ ಗುರುತು ಸಿಗಲಿಲ್ಲ. "ಏ, ಇದು ನೀನಾ?" ಎಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, ಕೆಮ್ಮು ಬರುವ ತನಕ ನಕ್ಕರು. ಆಮೇಲೆ, "ನೀ ಇದ್ರಾಗೆ ಎಂತಕ್ಕೆ ಹತ್ತಿದ್ದು?" ಎಂದರು.

ಹೇಳಿದೆ. ನಗು ನಿಂತಿತು.

"ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ."

"ಹೌದು. ಬೇಡ ಅಂತಿದ್ದೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮುಗಿಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಬೆನ್ನ ಹಿಂದಿನಿಂದ ಮಾತು ಬಂತು: "ಅದು ಹಿಂದೆ ಬರೂದಿಲ್ಲ. ಪ್ರೊಪೆಲರಿಂದು ನೋಡ್ಬೇಕು."

ಅಪ್ಸರಕೊಂಡದ ಹತ್ತಿರ ಪ್ರವಾಸಿಗರಿಗೆ ಕೋಣೆ ಕೊಡುವ ಒಬ್ಬರ ಅಂಗಳದಲ್ಲಿ ಪ್ರೊಪೆಲರ್ ಕಯಾಕ್ ಮಾರಾಟಕ್ಕಿದೆ ಎಂದು ವಿಚಾರಿಸಿ ತಿಳಿದುಕೊಂಡೆ. ಇಬ್ಬರೂ ರಿಕ್ಷಾದಲ್ಲಿ ಹೋದೆವು. ಮದುವೆಯಾದ ಹೊಸತರಲ್ಲಿ ಜಲಪಾತ ನೋಡಲು ಹೋಗಿದ್ದು ಬಿಟ್ಟರೆ ಅಲ್ಲಿಗೆ ನಾವು ಜೊತೆಯಾಗಿ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಇವರು ಗೇರ್, ಶಾಫ್ಟ್, ಬೇರಿಂಗ್ ಎಂದು ಮಾತಾಡಿದರು. ನನಗೆ ಒಂದೂ ಅರ್ಥವಾಗಲಿಲ್ಲ. ತುಂಬಿದ ಹೊಳೆ ನೋಡಿದಷ್ಟು ಖುಷಿಯಾಯಿತು ಎಂದು ದೊಡ್ಡ ಮಾತು ಆಡುವುದಿಲ್ಲ, ಸುಮ್ಮನೆ ಹೂಂಗುಟ್ಟಿದೆ. ಕಯಾಕ್ ಚೆನ್ನಾಗಿಯೇ ಇತ್ತು. ಇವರು ಬಗ್ಗಿ, ಬಲಗೈಯಲ್ಲಿ ಪೆಡಲ್ ತಿರುಗಿಸುತ್ತ ಅಡಿಯಲ್ಲಿ ನೋಡಿದರು. ಪ್ರೊಪೆಲರ್ ಸರಾಗವಾಗಿ ತಿರುಗಿತು. ಅದರ ಬುಡದಲ್ಲಿ, ನೀರಿನಲ್ಲಿ ತೇಲುವ ಹರಿದ ಬಲೆಯ ನೈಲಾನ್ ದಾರ ಸುತ್ತಿಕೊಂಡಿತ್ತು. ಬೆರಳಿನಷ್ಟು ದಪ್ಪ, ಬಿಗಿಯಾಗಿ, ಒಂದರ ಮೇಲೊಂದು ಸುತ್ತು. ತಿರುಗಿಸುವ ಕೈ ಅಲ್ಲೇ ನಿಂತಿತು. ಮುಖದಲ್ಲಿ ರಕ್ತವಿರಲಿಲ್ಲ. ದಿನವೂ ರಕ್ತ ನೋಡುವ ನನಗೆ ಆ ಮುಖ ನೋಡಲಾಗಲಿಲ್ಲ.

"ಆ ಹಳದಿದೇ ಆತು," ಎಂದರು. "ಹಿಂದೆ ಬರದಿದ್ರೂ ಅಡ್ಡಿಲ್ಲ."

ಹಿಂತಿರುಗುವಾಗ ರಿಕ್ಷಾದಲ್ಲಿ ಎಡಗೈಯನ್ನು ಬಲಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅದು ಯಾರದೋ ಮಗು ಎಂಬಂತೆ ಹಿಡಿದುಕೊಂಡು ಕೂತಿದ್ದರು.

ಹಳದಿ ಕಯಾಕ್ ಟೆಂಪೋದಲ್ಲಿ ಬಂತು. ನೆರೆಯವರೆಲ್ಲ ಸೇರಿ ಹೊಳೆಯ ಅಂಚಿಗೆ ಇಳಿಸಿದರು. ಇವರು ಹತ್ತಿ ಕೂತು, ಕಾಲು ಪೆಡಲಿಗೆ ಕೊಟ್ಟು, ಸುತ್ತ ನೋಡಿ, ನನ್ನನ್ನು ನೋಡಿದರು.

"ಚುಕ್ಕಾಣಿ ಹಿಡಿ ಯಾವ ಬದಿಗೆ ಇತ್ತು ಅಂತ ನೋಡಿದ್ಯಾ?"

ನೋಡಿದೆ. ಎಡಬದಿಗೆ ಇತ್ತು.

ಇಪ್ಪತ್ತು ಪ್ರಶ್ನೆ ಬರೆದುಕೊಂಡ ಪಂಡಿತೆ ಅಲ್ಲೇ ನೀರಿನಲ್ಲಿ ಕೂತುಬಿಡಬೇಕು ಅನಿಸಿತು. ಎಡಗೈ ಇಲ್ಲದವರಿಗೆಂದು ಊರೂರು ಅಲೆದು ಆರಿಸಿದ ದೋಣಿಗೆ ಬೇಕಾದ ಒಂದೇ ಒಂದು ಕೈ, ಎಡಗೈ. ಬೈದಿದ್ದರೆ ಚೆನ್ನಾಗಿತ್ತು. ಇವರು ಇಳಿದು ಮನೆಗೆ ನಡೆದರು. ನೆರೆಯವರು ಒಬ್ಬೊಬ್ಬರಾಗಿ ಕೆಲಸ ನೆನಪಾಗಿ ಹೋದರು. ನಾನು ಹಳದಿ ದೋಣಿಯ ಹಗ್ಗ ಹಿಡಿದುಕೊಂಡು ನಿಂತೆ.

ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳ ಶಬ್ದ ಮಾತ್ರ. ಐದನೆಯ ದಿನ ಲ್ಯಾಬಿನಿಂದ ಬರುವಾಗ ಅಂಗಳದಲ್ಲಿ ದೋಣಿ ಬೋರಲು ಬಿದ್ದಿತ್ತು. ಇವರು ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಅದರ ಚುಕ್ಕಾಣಿಯ ತಂತಿ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಸ್ಕ್ರೂಡ್ರೈವರ್ ತೆಗೆದು, "ಇಲ್ಲಿ ಹಿಡಿ," ಎಂದರು. ಎಂಟು ತಿಂಗಳಲ್ಲಿ ಅಂಗಿಯ ಗುಂಡಿ ಹಾಕಲೂ ನನ್ನನ್ನು ಕರೆಯದವರು. ಚೀಲ ಹೆಗಲಲ್ಲಿರುವಂತೆಯೇ ಕೂತು ಹಿಡಿದೆ. ಎರಡು ವಾರ ಸಂಜೆಗಳೆಲ್ಲ ಹೀಗೇ ಹೋದವು. ಹಿಡಿ ಎಂದಲ್ಲಿ ಹಿಡಿಯುವುದು, ಬಿಡು ಎಂದಾಗ ಬಿಡುವುದು, ತಪ್ಪು ಹಿಡಿದರೆ ಬೈಸಿಕೊಳ್ಳುವುದು. ಕೊನೆಗೆ ಹಿಡಿ ಬಲಬದಿಗೆ ಬಂತು. ಗಾಳದ ಕೋಲಿಗೂ ಅಲ್ಲೇ ಒಂದು ಕೊಳವೆ ಕೂರಿಸಿದರು.

ಈಗ ಅವರು ಬೆಳಿಗ್ಗೆ ಐದೂವರೆಗೆ ಹೊರಡುತ್ತಾರೆ. ಚಟ್ನಿ ಹೇಗಿದೆ ಎಂದು ಹೇಳುವವರಿಲ್ಲ. ಕೆಲವು ದಿನ ಎರಡು ನೋಗ್ಲಿ ಮೀನು ತರುತ್ತಾರೆ, ಬಹಳ ದಿನ ಏನೂ ಇಲ್ಲ. ಕೈ ಸರಿಯಾಗಿಲ್ಲ, ಆಗುವುದೂ ಇಲ್ಲ. ದೊಡ್ಡ ಬೋಟುಗಳು ಹೊರಡುವ ಶಬ್ದ ಕೇಳಿದರೆ ಇವತ್ತಿಗೂ ಅನ್ನದ ತಟ್ಟೆ ಸರಿಸುತ್ತಾರೆ. ಆದರೂ ನಾನು ಬಯಸಿದ್ದು ಸಿಕ್ಕಿದೆ ಎಂದೇ ಹೇಳಬೇಕು.

ಹೋದ ವಾರ ದೋಣಿ ಇಳಿಸುವ ಮೊದಲು ಅವರು ನೀರು ನೋಡುತ್ತ ಕೇಳಿದರು, "ಅಲ್ದಾ, ಆ ಭಾಯಿ ಹತ್ರ ಎರಡು ಜನ ಕೂರೂದು ಇತ್ತಾ?"

"ಇಲ್ಲ," ಎಂದೆ.

"ಇದ್ದಿದ್ರೆ ನೀನೂ ಬರಬಹುದಿತ್ತು," ಎಂದು ಹೊರಟುಹೋದರು.

ಇತ್ತು. ಇದನ್ನು ನಿಮ್ಮಿಂದಲೂ ಇಷ್ಟು ಹೊತ್ತು ಮುಚ್ಚಿಟ್ಟೆ. ತೆಂಗಿನಗುಂಡಿಯ ಶೆಡ್ಡಿನಲ್ಲಿ ಹಳದಿಯದರ ಪಕ್ಕದಲ್ಲೇ ನೀಲಿ ಬಣ್ಣದ್ದು, ಎರಡು ಸೀಟಿನದು ಇತ್ತು. "ಇದು ತಗೊಳ್ಳಿ ಮೇಡಂ, ಇಬ್ಬರೂ ಜೊತೆಗೆ ಹೋಗಬಹುದು," ಎಂದು ಇರ್ಷಾದ್ ಭಾಯಿ ಒತ್ತಾಯ ಮಾಡಿದ್ದರು. "ಬೇಡ, ಒಬ್ಬರದೇ ಸಾಕು," ಎಂದು ನಾನು ಎಷ್ಟು ಬೇಗ ಹೇಳಿದೆನೆಂದರೆ, ಆ ಹಿರಿಯರು ಕಣ್ಣು ತಗ್ಗಿಸಿ ಆ ಮಾತು ಮತ್ತೆ ಎತ್ತಲಿಲ್ಲ.