ಮೊಬೈಲುಗಳನ್ನು ಮಲಗಿಸಿದ ರಾತ್ರಿ

ಹರಪನಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದ ಕೂಡಲೇ ನನಗೆ ಒಂದು ವಿಷಯ ಖಾತ್ರಿಯಾಯಿತು. ನಮ್ಮ ಡಿಗ್ರಿ ಹುಡುಗಿಯರ ನಿದ್ದೆಯನ್ನು ಮೊಬೈಲ್ ತಿನ್ನುತ್ತಿದೆ. ರಾತ್ರಿಯೆಲ್ಲ ಕೌದಿಯೊಳಗೆ ಮೊಬೈಲಿನ ಕಳ್ಳಬೆಳಕು, ತರಗತಿಯಲ್ಲಿ ತೂಕಡಿಕೆ, ತಿಂಡಿ ತಟ್ಟೆಯ ಮುಂದೆ ಆಕಳಿಕೆ. ಸಮಸ್ತ ಯುವಜನರ ಹಿತದೃಷ್ಟಿಯಿಂದ ಆಜ್ಞೆ ಹೊರಡಿಸಿದೆ: ರಾತ್ರಿ ಊಟವಾದ ಮೇಲೆ ಎಲ್ಲ ಮೊಬೈಲುಗಳೂ ನನ್ನ ಕೋಣೆಯ ಬೀರುವಿನಲ್ಲಿ, ಬೀಗದ ಕೈ ನನ್ನ ದಿಂಬಿನಡಿಯಲ್ಲಿ.

ಹಡಗಲಿ ಕಡೆಯ ಸುನೀತ ಮಾತ್ರ ಕೊಡುವಾಗ ತಡವರಿಸಿದಳು. "ಮೇಡಂ, ನಂದೊಂದು ಇರ್ಲಿ ಬಿಡ್ರಿ. ಅದಿಲ್ದ ನಂಗ ಎಚ್ಚರಾಗಂಗಿಲ್ಲ."

"ನಾನ ಎಬ್ಬಸ್ತೀನಿ" ಎಂದು ಕಸಿದುಕೊಂಡೆ.

ಅಂದು ಹಾಸ್ಟೆಲ್ ಬೇಗ ನಿಶ್ಶಬ್ದವಾಯಿತು. ನಾನು ತೃಪ್ತಿಯಿಂದ ಕಣ್ಣು ಮುಚ್ಚಿದೆ. ಆಗ ಬೀರು ಗುರ್ರೆಂದಿತು. ಒಳಗಿನಿಂದ ಯಾರೋ ತಗಡನ್ನು ಉಗುರಿನಿಂದ ಕೆರೆದಂತೆ. ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಮೂಡಿ ಆರಿತು. ಮೊಬೈಲುಗಳು ನಡುಗುತ್ತಿವೆ ಎಂದು ನನಗೆ ನಾನೇ ಹೇಳಿಕೊಂಡೆ. ನಡುಗುತ್ತಿದ್ದುದು ಮೊಬೈಲುಗಳಷ್ಟೇ ಅಲ್ಲ.

ನಸುಕಿಗೆ ಮುಂಚೆ ಕರೆಂಟ್ ಹೋಯಿತು. ಫ್ಯಾನ್ ನಿಂತ ಆ ಮೌನದಲ್ಲಿ, ಬೀರುವಿನೊಳಗೆ ಒಬ್ಬ ಮುದುಕಿ ಮೆಲ್ಲಗೆ ಕೆಮ್ಮಿದಳು.

"ಏಳವ್ವಾ. ಮೊಗ್ಗು ಅರಳಾಕತ್ತಾವು. ಎಷ್ಟೊತ್ತು ಮಲಗ್ತಿ? ಬಾ, ನಾ ಇಲ್ಲೇ ನಿಂತೀನಿ."

ನಾನು ಎದ್ದ ರಭಸಕ್ಕೆ ಬೀಗದ ಕೈ ಎಲ್ಲಿಗೋ ಹಾರಿತು. ಬಾಗಿಲೆಂದುಕೊಂಡು ಕಿಟಕಿಯನ್ನು ಎಳೆದೆ, ಸ್ಟೂಲು ಕೆಡವಿದೆ, ತುಂಬಿದ ಕೊಡ ಉರುಳಿಸಿದೆ. ಕೊನೆಗೆ ಹುಡುಗಿಯರ ಕೋಣೆಗೆ ನುಗ್ಗಿ ಚೀರಿದೆ. ಎಂದೂ ಇಲ್ಲದಷ್ಟು ಗಾಢವಾಗಿ ಮಲಗಿದ್ದ ಇಡೀ ಹಾಸ್ಟೆಲ್ ಎದ್ದು ಕೂತಿತು.

"ಬೀರುನ್ಯಾಗ ಯಾರೋ ಮುದುಕಿ ಅದಾಳ!"

ಸುನೀತ ಕಣ್ಣುಜ್ಜಿಕೊಂಡಳು. "ನಮ್ಮಜ್ಜಿ ರೀ ಮೇಡಂ."

"ಎಲ್ಲದಾಳವ್ವ ನಿಮ್ಮಜ್ಜಿ?"

"ತೀರಿಕೊಂಡಾಳ್ರಿ."

ನಾನು ಅಲ್ಲೇ ಕುಸಿದೆ. ಮುಖಕ್ಕೆ ನೀರು ಚಿಮುಕಿಸಿದ ಮೇಲಷ್ಟೇ ಉಳಿದ ಮಾತು ಕಿವಿಗೆ ಬಿತ್ತು. ಮಲ್ಲಿಗೆ ಬಿಡಿಸಲು ಮೊಮ್ಮಗಳನ್ನು ಎಬ್ಬಿಸುತ್ತಿದ್ದ ಅಜ್ಜಿಯ ದನಿಯನ್ನು ಅವಳು ತಮಾಷೆಗೆಂದು ರೆಕಾರ್ಡ್ ಮಾಡಿಕೊಂಡಿದ್ದಳು. ಈಗ ಅದೇ ಅವಳ ಅಲಾರಂ.

"ಅದು ಕೇಳಿದ್ರ ಅಕಿ ಇನ್ನೂ ಅದಾಳ ಅನಸ್ತೈತ್ರಿ."

ಆಚೆ ಕೋಣೆಯಿಂದ ಅಜ್ಜಿ ಮತ್ತೊಮ್ಮೆ ಕರೆದಳು. ಯಾರೂ ನಗಲಿಲ್ಲ.

ಇನ್ನು ಮುಂದೆ ಸುನೀತಳ ಮೊಬೈಲ್ ಅವಳ ಬಳಿಯೇ ಇರಲಿ ಎಂದು ಮಾತು ಕೊಟ್ಟೆ. ಆದರೆ ಬೀಗದ ಕೈ ಹುಡುಕಲು ಆ ಕೋಣೆಗೆ ಹೋಗುವ ಧೈರ್ಯವಾಗಲಿಲ್ಲ. ಯಾರದೋ ಟಾರ್ಚ್ ಇಸಿದುಕೊಂಡು, ಹಚ್ಚಿಟ್ಟುಕೊಂಡೇ, ಹುಡುಗಿಯರ ನಡುವೆ ಚಾಪೆ ಹಾಸಿಕೊಂಡೆ.

"ಮೇಡಂ, ಆ ಬೆಳಕು ಆರ್ಸ್ರಿ," ಮೂಲೆಯಿಂದ ಒಬ್ಬಳು ಅಂದಳು. "ನಿದ್ದಿ ಬರವಲ್ದು."

ಆರಿಸಲಿಲ್ಲ. ಕೌದಿಯನ್ನು ತಲೆತುಂಬ ಎಳೆದುಕೊಂಡು, ಬೆಳಕು ಹೊರಗೆ ಕಾಣದಂತೆ ಅಂಚುಗಳನ್ನೆಲ್ಲ ಮೈಕೆಳಗೆ ಒತ್ತಿ, ಟಾರ್ಚನ್ನು ಒಳಗೇ ಹಿಡಿದುಕೊಂಡು ಮಲಗಿದೆ. ಪಳಗಿದ ವಿದ್ಯಾರ್ಥಿನಿಯಂತೆ.