ಒಳಗೆ ಸರ್, ಹೊರಗೆ ಮಾಮ

ನಮ್ಮ ಮಾಮನಿಗೂ ನಮ್ಮ ಹತ್ತನೇ ತರಗತಿಯ ಕ್ಲಾಸ್ ಟೀಚರಿಗೂ ಅಷ್ಟಕ್ಕಷ್ಟೇ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. ಮಾಮ ಹೇಳಿಕೊಟ್ಟ ಲೆಕ್ಕದಲ್ಲಿ ಸರ್ ತಪ್ಪು ಹುಡುಕುತ್ತಿದ್ದರು. ಸರ್ ಕೊಟ್ಟ ಮಾರ್ಕು ನೋಡಿ ಮಾಮ ಮುಖ ಊದಿಸಿಕೊಳ್ಳುತ್ತಿದ್ದರು. ಇದರಲ್ಲೇನು ವಿಶೇಷ, ಮನೆಯವರಿಗೂ ಮೇಷ್ಟ್ರಿಗೂ ಯಾವ ಊರಿನಲ್ಲಿ ಸರಿಹೋಗಿದೆ ಎನ್ನುತ್ತೀರಾ? ವಿಶೇಷ ಇಷ್ಟೇ: ಇಬ್ಬರೂ ಒಬ್ಬರೇ! ಅದೇ ಕನ್ನಡಕ, ಅದೇ ಕೊಡೆ, ಅದೇ ಬೋಳುತಲೆ.

ನಮ್ಮ ಬ್ಯಾಚಿನವರು ಈಗ ಚದುರಿಹೋಗಿದ್ದೇವೆ. ಒಬ್ಬ ಮೆಲ್ಕಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಇಬ್ಬರು ಗಲ್ಫಿನಲ್ಲಿದ್ದಾರೆ, ನಾನು ಮೂಡಬಿದಿರೆಯಲ್ಲಿ ಡಿಗ್ರಿ ಮುಗಿಸುವ ಹಂತದಲ್ಲಿದ್ದೇನೆ. ಆದರೆ ಯಾರಾದರೂ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆನೆಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಕು, ಗಲ್ಫಿನಿಂದ ಹಿಡಿದು ಮಡಂತ್ಯಾರಿನವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಇಬ್ಬರೂ ಸೌಖ್ಯ ಉಂಟಾ?"

ನಮ್ಮ ಮನೆ ಇರುವುದು ಬೆಳ್ತಂಗಡಿಯಿಂದಲೂ ಒಳಗೆ, ಘಟ್ಟದ ಬುಡದಲ್ಲಿ. ಅಲ್ಲಿ ಏಳನೆಯ ತನಕ ಮಾತ್ರ ಶಾಲೆ. ಹಾಗಾಗಿ ಎಂಟಕ್ಕೆ ಬರುವಾಗ ಅಮ್ಮ ನನ್ನನ್ನು ಮಡಂತ್ಯಾರಿನ ಕಡೆ ಇರುವ ತನ್ನ ತಮ್ಮನ ಮನೆಯಲ್ಲಿ ಬಿಟ್ಟಳು. ಮನೆಯಲ್ಲಿ ಮಾಮ, ಮಾಮಿ, ಒಂದು ದನ. ಮಾಮ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅದೇ ಶಾಲೆಗೆ ನನ್ನನ್ನೂ ಸೇರಿಸಿದರು. "ಮಾಮನೇ ಮೇಷ್ಟ್ರು, ಇವಳಿಗೆಂತ ಹೆದರಿಕೆ?" ಎಂದು ಊರವರೆಲ್ಲ ಅಂದರು. ಪಾಪ, ಊರವರಿಗೇನು ಗೊತ್ತು!

ಮೊದಲ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಶಾಲೆಯ ಗೇಟಿನ ಹೊರಗೆ ಮಾಮ ನಿಂತರು. ಮನೆಯಲ್ಲಿ ನಮ್ಮದು ತುಳುವೇ. ನಿಮಗೆ ಅರ್ಥವಾಗಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಗೇಟಿನ ಒಳಗೆ ನಾನು ಯಾರು?"

"ಮಾಮ."

"ತಪ್ಪು. ಹೊರಗೆ ಮಾಮ, ಒಳಗೆ ಸರ್. ಮತ್ತೆ ಒಳಗೆ ತುಳು ಇಲ್ಲ. ಗೊತ್ತಾಯ್ತಲ್ಲ ಮಾರಾಯ್ತಿ?"

ಗೊತ್ತಾಯಿತು ಎಂದು ತಲೆಯಾಡಿಸಿದೆ. ಗೊತ್ತಾಗಿರಲಿಲ್ಲ. ಗೊತ್ತಾದದ್ದು ಹಾಜರಿ ಕರೆಯುವಾಗ! ಬೆಳಿಗ್ಗೆ ನನ್ನೆದುರು ಕೂತು ನೀರುದೋಸೆ ತಿಂದ ಮನುಷ್ಯ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಹೊಸಬರು ಎದ್ದು ನಿಲ್ಲಿ. ಇಲ್ಲಿ ಯಾರ ಮನೆಯಲ್ಲಿ ಇರುವುದು?"

"ನಿಮ್ಮ ಮನೆಯಲ್ಲಿ ಸರ್."

ಕ್ಲಾಸಿಡೀ ಗೊಳ್ಳೆಂದಿತು. ಸರ್ ಮಾತ್ರ ಅಲುಗಲಿಲ್ಲ. "'ನಿಮ್ಮ' ಎಂದರೆ ಯಾರ? ಉತ್ತರ ಸ್ಪಷ್ಟವಾಗಿರಬೇಕು."

"ನನ್ನ ಮಾಮನ ಮನೆಯಲ್ಲಿ."

"ಮಾಮ ಏನು ಮಾಡುತ್ತಾರೆ?"

"ಮೇಷ್ಟ್ರು, ಸರ್."

"ಒಳ್ಳೆಯ ಉದ್ಯೋಗ. ಕುಳಿತುಕೊಳ್ಳಿ."

ಪಕ್ಕದಲ್ಲಿ ಕೂತಿದ್ದ ಆಯಿಷಾ, ಮುಂದೆ ನನ್ನ ಜೀವದ ಗೆಳತಿಯಾದವಳು, ಬಾಯಿಗೆ ಶಾಲು ಒತ್ತಿಕೊಂಡು ಕೇಳಿದಳು: "ಇವರಿಗೆ ಮನೆಯಲ್ಲಿ ಸಹ ಹೀಗೆಯಾ?" ಅಲ್ಲವೇ ಅಲ್ಲ! ಮನೆಯಲ್ಲಿ ಮಾಮ ದನದ ಹತ್ತಿರವೂ ತಮಾಷೆ ಮಾಡುವವರು.

ಗೇಟಿನ ವಿಷಯದಲ್ಲಿ ಅವರದ್ದು ಎಂಥ ನಿಷ್ಠೆ ಎನ್ನುತ್ತೀರಿ! ಒಂದು ಬೆಳಿಗ್ಗೆ ನಡೆಯುತ್ತ ಹೇಳುತ್ತಿದ್ದರು, "ಮಾಮಿ ಹೇಳಿದ್ದಾಳೆ, ಮಧ್ಯಾಹ್ನದ ಬಿಡುವಿನಲ್ಲಿ ನೀನು ಪೇಟೆಗೆ ಹೋಗಿ ಒಂದು ಕಿಲೋ..." ಅಷ್ಟರಲ್ಲಿ ಗೇಟು ಬಂತು. ಮಾಮ ಮುಗಿದರು, ಸರ್ ಶುರುವಾದರು. "ಪ್ರಾರ್ಥನೆಗೆ ಹೊತ್ತಾಯಿತು. ಸಾಲಿನಲ್ಲಿ ನಿಲ್ಲಿ." ಒಂದು ಕಿಲೋ ಏನು? ಸಕ್ಕರೆಯೋ, ನೀರುಳ್ಳಿಯೋ? ಇಡೀ ದಿನ ನಾನು ಅದನ್ನೇ ಯೋಚಿಸಿದೆ. ಸಂಜೆ ಗೇಟು ದಾಟಿ ಒಂದು ಹೆಜ್ಜೆ ಹೊರಗಿಟ್ಟ ಕೂಡಲೇ ಮಾಮ ವಾಕ್ಯ ಪೂರ್ತಿ ಮಾಡಿದರು: "...ಬೂತಾಯಿ ತರ್ಬೇಕಂತೆ." ಬೂತಾಯಿ ಸಂಜೆಯ ತನಕ ಕಾಯುವ ಮೀನೇ? ಮೀನಿನವನೇ ಮನೆಗೆ ಹೋಗಿ ಸ್ನಾನ ಮುಗಿಸಿದ್ದ.

ಲೆಕ್ಕದ ಕಥೆ ಇನ್ನೊಂದು. ಸಂಜೆ ಜಗಲಿಯಲ್ಲಿ ಮಾಮ ನನಗೆ ಲೆಕ್ಕ ಹೇಳಿಕೊಡುತ್ತಿದ್ದರು. ಒಮ್ಮೆ ಅವರೇ ಮೈನಸ್ಸೊಂದನ್ನು ನುಂಗಿಬಿಟ್ಟರು. ಮರುದಿನ ಸರ್ ನನ್ನ ಪುಸ್ತಕ ಎತ್ತಿ ಹಿಡಿದರು.

"ಇದನ್ನು ಯಾರು ಹೇಳಿಕೊಟ್ಟದ್ದು?"

"ಮಾಮ, ಸರ್."

"ನಿಮ್ಮ ಮಾಮನಿಗೆ ಗಮನ ಸಾಲದು."

ನಾನು ಬಿಡುವವಳೇ? ಸಂಜೆ ಮನೆಗೆ ಹೋಗಿ ವರದಿ ಒಪ್ಪಿಸಿದೆ. ಮಾಮ ಚಾ ಲೋಟ ಕೆಳಗಿಟ್ಟು ನಿಜವಾಗಿ ಬೇಜಾರು ಮಾಡಿಕೊಂಡರು. "ಅವರಿಗೆಂತ, ಹಗಲು ಫ್ಯಾನಿನ ಅಡಿಯಲ್ಲಿ ನಿಂತು ತಪ್ಪು ಹುಡುಕ್ತಾರೆ. ದಿನವಿಡೀ ದುಡಿದು ಬಂದು ಹೇಳಿಕೊಡುವವನ ಕಷ್ಟ ಅವರಿಗೆ ಗೊತ್ತುಂಟಾ?"

ಇದನ್ನೆಲ್ಲ ನಗಿಸಲಿಕ್ಕೆ ಮಾಡುತ್ತಿದ್ದರೋ, ಮನಸ್ಸಿನಿಂದಲೇ ಮಾಡುತ್ತಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಖದಲ್ಲಿ ನಗುವಿನ ಒಂದು ಎಳೆಯೂ ಇರುತ್ತಿರಲಿಲ್ಲ.

ಆದರೆ ಎಲ್ಲದಕ್ಕೂ ಕಲಶವಿಟ್ಟದ್ದು ಹತ್ತನೆಯ ತರಗತಿಯ ಪೋಷಕರ ಸಭೆ. ಅಪ್ಪ ಬರಬೇಕಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮಾಮಿಗೆ ಜ್ವರ. ಪೋಷಕರಾಗಿ ಉಳಿದದ್ದು ಮಾಮ ಒಬ್ಬರೇ. "ಹೋಗಲಿ ಬಿಡಿ ಸರ್" ಎಂದೆ. ಅವರು ಒಪ್ಪಲಿಲ್ಲ. "ಪೋಷಕರು ಬಾರದ ಮಗು ಎಂದು ಯಾರೂ ಅನ್ನಬಾರದು."

ಸರದಿಯಲ್ಲಿ ನನ್ನ ಹೆಸರು ಬಂತು. ಸರ್ ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಪೋಷಕರ ಬೆಂಚಿನಲ್ಲಿ ಕೂತು ಕೈಮುಗಿದರು. "ಹುಡುಗಿ ಹೇಗೆ ಸರ್?" ಮತ್ತೆ ಎದ್ದು ಹೋಗಿ ಕುರ್ಚಿಯಲ್ಲಿ ಕೂತರು. "ಬುದ್ಧಿ ಇದೆ, ಶ್ರದ್ಧೆ ಸಾಲದು. ಮನೆಯಲ್ಲಿ ಟಿ.ವಿ. ಹೆಚ್ಚೋ ಏನೋ." ಪುನಃ ಬೆಂಚು. "ಟಿ.ವಿ. ನೋಡುವುದು ಅವಳಲ್ಲ ಸರ್, ನಾನು." ಪುನಃ ಕುರ್ಚಿ. "ಹಿರಿಯರೇ ಹೀಗಾದರೆ ಮಕ್ಕಳು ಓದುವುದು ಹೇಗೆ?" ಪುನಃ ಬೆಂಚು. ಈಗ ತಲೆ ತಗ್ಗಿತ್ತು!

ಹಿಂದೆ ಕಾಯುತ್ತಿದ್ದ ಆಯಿಷಾಳ ಉಮ್ಮ ಸ್ವಲ್ಪ ಹೊತ್ತು ನೋಡಿದರು, ನಿಧಾನಕ್ಕೆ ಎದ್ದರು. "ನಿಮ್ಮ ಇಬ್ಬರದ್ದು ಮುಗಿದ ಮೇಲೆ ನನ್ನನ್ನು ಕರೀರಿ ಸರ್. ನಾನು ಅಷ್ಟೊತ್ತಿಗೆ ಒಂದು ಚಾ ಕುಡಿದು ಬರ್ತೇನೆ."

ನಗು ಎಲ್ಲ ಸರಿ. ಪಬ್ಲಿಕ್ ಪರೀಕ್ಷೆಗೆ ಮುಂಚಿನ ಪ್ರಿಪರೇಟರಿಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಅದೂ ಒಂದೇ ಮಾರ್ಕಿನಲ್ಲಿ. ಕ್ಲಾಸಿನವರೆಲ್ಲ ನನ್ನ ಪರವಾಗಿ ಗಲಾಟೆ ಮಾಡಿದರು, "ಒಂದು ಮಾರ್ಕು ಅಲ್ವಾ ಸರ್, ಕೊಡಿ ಸರ್." ಸರ್ ಉತ್ತರಪತ್ರಿಕೆಯನ್ನು ಎಲ್ಲರೆದುರು ಇನ್ನೊಮ್ಮೆ ತಿದ್ದಿದರು. ಈ ಸಲ ಸಿಕ್ಕಿದ್ದು ಮೊದಲಿಗಿಂತ ಅರ್ಧ ಮಾರ್ಕು ಕಡಿಮೆ!

ಮನೆಗೆ ಬಂದು ನಾನು ದನದ ಕೊಟ್ಟಿಗೆಯಲ್ಲಿ ಕೂತು ಅತ್ತೆ. ವಿಷಯ ತಿಳಿದ ಮಾಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತರು. ಮಾಮ ಅಂಗಳಕ್ಕೆ ಕಾಲಿಟ್ಟದ್ದೇ ತಡ, "ಲೆಕ್ಕದ ಸರ್‌ಗೆ ಈ ಮನೆಯಲ್ಲಿ ಊಟ ಇಲ್ಲ. ನಿಮ್ಮಿಬ್ಬರಲ್ಲಿ ಮಾಮ ಯಾರಾದ್ರೂ ಇದ್ರೆ ಕೈಕಾಲು ತೊಳೆದು ಒಳಗೆ ಬರ್ಲಿ."

ಮಾಮ ಪಿಳಿಪಿಳಿ ನೋಡಿದರು. ತಾನು ಕಟ್ಟಿದ ಬಲೆಯಲ್ಲಿ ತಾನೇ ಬಿದ್ದ ಮನುಷ್ಯ ಏನು ಹೇಳಬಲ್ಲ? "ನಂಗೂ ಬೇಜಾರುಂಟು ಮಾರಾಯ್ತಿ. ಆದ್ರೆ ನಾನು ಹೇಳಿದ್ರೆ ಕೇಳುವ ಜನ ಅಲ್ಲ ಅವರು."

ಊಟ ಸಿಕ್ಕಿತು. ಮರುದಿನ ಸಂಜೆಯಿಂದ ಮಾಮ ನನ್ನನ್ನು ಹಿಡಿದು ಕೂರಿಸಿದರು. ಎರಡು ದಿನ ಕಳೆದು ಆಯಿಷಾ ಬಂದಳು. "ಸ್ವಂತ ಸೋದರ ಸೊಸೆಗೇ ಒಂದು ಮಾರ್ಕು ಕೊಡದವರು ನಮಗೆ ಕೊಡ್ತಾರಾ? ನಾವು ಓದದೆ ಬೇರೆ ದಾರಿಯೇ ಇಲ್ಲ!" ಅವಳ ಹಿಂದೆ ಇನ್ನು ನಾಲ್ವರು, ಅವರ ಹಿಂದೆ ಮತ್ತಷ್ಟು. ವಾರ ಕಳೆಯುವಷ್ಟರಲ್ಲಿ ಜಗಲಿ ತುಂಬಿ, ಅರ್ಧ ಕ್ಲಾಸು ಅಂಗಳದಲ್ಲಿ ಚಾಪೆ ಹಾಸಿ ಕೂತಿತ್ತು. ಮಾಮಿ ಅವಲಕ್ಕಿ ಕಲಸಿ ಕಲಸಿ ಸುಸ್ತಾದರು.

ಅಲ್ಲಿ ನನ್ನ ಸಹಪಾಠಿಗಳು ಮೊದಲ ಬಾರಿಗೆ ಮಾಮನನ್ನು ಕಂಡರು! ಶಾಲೆಯಲ್ಲಿ ಗೋಪುರದ ಎತ್ತರ ಕಂಡುಹಿಡಿಯಬೇಕಿತ್ತು. ಇಲ್ಲಿ "ಮಾಮಿ ಬಾವಿಕಟ್ಟೆಯ ಹತ್ತಿರ ನಿಂತು ತೆಂಗಿನ ಮರದ ತುದಿ ನೋಡ್ತಾಳೆ ಅಂತ ಇಟ್ಟುಕೊಳ್ಳುವ" ಎಂದು ತುಳುವಿನಲ್ಲಿ ಶುರುವಾಗುತ್ತಿತ್ತು. ಒಳಗಿನಿಂದ ಮಾಮಿ, "ನನ್ನನ್ನು ಯಾಕೆ ಬಿಸಿಲಿಗೆ ನಿಲ್ಲಿಸುವುದು? ನೀವೇ ನಿಲ್ಲಿ!" ಎನ್ನುತ್ತಿದ್ದರು. ಆ ಮರದ ಲೆಕ್ಕ ನಮ್ಮಲ್ಲಿ ಯಾರಿಗೂ ತಪ್ಪಲಿಲ್ಲ. ಯಾರಿಗಾದರೂ ತಲೆಗೆ ಹೋಗದಿದ್ದರೆ ಅವನ ಪಕ್ಕದಲ್ಲೇ ನೆಲಕ್ಕೆ ಕೂತು, ಅವನ ಪೆನ್ಸಿಲಿನಿಂದಲೇ ಮತ್ತೊಮ್ಮೆ, ಇನ್ನೊಮ್ಮೆ ಮಾಡಿಸುತ್ತಿದ್ದರು. ಕತ್ತಲಾಗುವ ಮೊದಲು ಹೆಣ್ಣುಮಕ್ಕಳನ್ನು ಬಸ್ಸಿಗೆ ಹತ್ತಿಸಿ ಬರುತ್ತಿದ್ದರು.

ಮರುದಿನ ಶಾಲೆಯಲ್ಲಿ ಯಾರೋ ಬಾಯ್ತಪ್ಪಿ, "ನಿನ್ನೆ ನಿಮ್ಮ ಜಗಲಿಯಲ್ಲಿ..." ಎಂದರೆ ಸರ್ ಹುಬ್ಬು ಗಂಟಿಕ್ಕುತ್ತಿದ್ದರು. "ಯಾರ ಜಗಲಿ?"

ಬೀಳ್ಕೊಡುಗೆಯ ದಿನ ಬಂತು. ಹುಡುಗಿಯರೆಲ್ಲ ಸೀರೆ ಉಡುವುದೆಂದು ತೀರ್ಮಾನವಾಗಿತ್ತು. ನಾನು ಉಟ್ಟದ್ದು ಮಾಮಿಯ ಹಸಿರು ರೇಷ್ಮೆ. ಎಷ್ಟು ಪಿನ್ನು ಹಾಕಿದ್ದರೆಂದರೆ ನಾನು ಕೂರಲಿಕ್ಕೂ ಹೆದರುತ್ತಿದ್ದೆ. ಸಭೆಗೆ ಹೋಗುವಾಗ ವರಾಂಡದಲ್ಲಿ ಸರ್ ಎದುರಾದರು. "ಸೀರೆ ಜೋಪಾನ. ಐಸ್‌ಕ್ರೀಂ ಬಿದ್ದರೆ ಅವಳು ನಮ್ಮಿಬ್ಬರನ್ನೂ ಬಿಡುವುದಿಲ್ಲ" ಎಂದರು. ಅವಳು ಎಂದರೆ ಯಾರು ಸರ್? ಉತ್ತರ ಸ್ಪಷ್ಟವಾಗಿರಬೇಕಲ್ಲವೇ! ತಪ್ಪಿನ ಅರಿವಾಗಿ ಗಂಟಲು ಸರಿಮಾಡಿಕೊಂಡು ಸರಸರ ನಡೆದುಬಿಟ್ಟರು.

ಒಂಬತ್ತನೆಯವರು ಹಾಡಿದರು. ಹೆಡ್ ಟೀಚರ್ ಮಾತಾಡಿದರು. ಸರ್ ಪ್ರತಿವರ್ಷದ ಭಾಷಣವನ್ನೇ ಮಾಡಿದರು, ಶಿಸ್ತಿನಿಂದ ಶುರುವಾಗಿ ಶಿಸ್ತಿನಲ್ಲಿ ಮುಗಿಯುವಂಥದ್ದು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಬಿಸಿಯೂಟದ ಅಕ್ಕಂದಿರಿಂದ ಹಿಡಿದು ಎಲ್ಲರನ್ನೂ ನೆನೆದು, "ನಮ್ಮ ಗಣಿತದ ಸರ್‌ಗೆ..." ಎನ್ನುವಷ್ಟರಲ್ಲಿ ತಡವರಿಸಿದೆ. ಸೆರಗು ಸರಿಪಡಿಸಿದೆ, ಮೈಕು ತಟ್ಟಿದೆ. ಊಹೂಂ, ಮಾತು ಹೊರಡಲಿಲ್ಲ.

ಆಗ ಆಯಿಷಾ ಎದ್ದು ನಿಂತಳು. "ಸರ್, ಮೂರು ವರ್ಷ ಇವಳೊಬ್ಬಳಿಗೇ ಮಾಮ ಇದ್ದದ್ದು. ನಾವು ಹೋಗುವವರು. ಇವತ್ತು ಒಂದು ದಿನ ನಾವೂ ಕರೀಬಹುದಾ?"

ಒಪ್ಪಿಗೆಗೆ ಕಾದವರು ಯಾರು? ಹಿಂದಿನ ಬೆಂಚಿನಿಂದ ಒಬ್ಬ "ಮಾಮಾ!" ಎಂದ. ಮತ್ತೆ ಇಡೀ ಕ್ಲಾಸೇ, ಹುಡುಗರು ಹುಡುಗಿಯರು ಎಲ್ಲ, ಹಂಚು ಹಾರುವ ಹಾಗೆ, "ಮಾಮಾ! ಮಾಮಾ!"

ಸರ್ ಎದ್ದು ನಿಂತರು. "ಶಿಸ್ತು... ಸಭೆಯಲ್ಲಿ ಶಿಸ್ತು..." ಎಂದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಪುನಃ ತೆಗೆದರು. ಕೊನೆಗೆ, ಆ ಶಾಲೆಯೊಳಗೆ ನಾವು ಅವರಿಂದ ಒಮ್ಮೆಯೂ ಕೇಳದ ತುಳುವಿನಲ್ಲಿ, "ಎಡ್ಡೆ ಆವಡ್ ಜೋಕುಲೇ" ಎಂದರು. ಒಳ್ಳೆಯದಾಗಲಿ ಮಕ್ಕಳೇ ಎಂದು. ಅಷ್ಟೇ. ನಾವೆಲ್ಲ ಅತ್ತೆವು, ಅತ್ತದ್ದಕ್ಕೆ ನಕ್ಕೆವು. ಐಸ್‌ಕ್ರೀಂ ಸೀರೆಗೆ ಬಿದ್ದೇ ಬಿತ್ತು!

ನಾವು ಎಲ್ಲರೂ ಪಾಸಾದೆವು. ಜಗಲಿಗೂ ಅಂಗಳಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ಅಂದು ಹೇಳಲಾಗದೆ ಹೋದ ವಂದನೆಯನ್ನು ನಾವು ಇವತ್ತಿಗೂ ಆಗಾಗ ವಾಟ್ಸಾಪಿನಲ್ಲಿ ಹೇಳಿಕೊಳ್ಳುತ್ತೇವೆ.

ಪಿಯುಸಿಗೆಂದು ನನಗೆ ಮೂಡಬಿದಿರೆಯಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಹೊರಡುವ ದಿನ ಮಾಮ ಗುರುವಾಯನಕೆರೆಯ ತನಕ ಬಂದರು. ಒಂದು ಕೈಯಲ್ಲಿ ನನ್ನ ಟ್ರಂಕು, ಇನ್ನೊಂದರಲ್ಲಿ ಮಾಮಿ ಕಟ್ಟಿಕೊಟ್ಟ ಹಪ್ಪಳ, ಉಪ್ಪಿನಕಾಯಿ. ದಾರಿಯುದ್ದಕ್ಕೂ "ನೀರು ಕುದಿಸಿ ಕುಡಿ", "ಬಸ್ಸಿನಲ್ಲಿ ಕೈ ಹೊರಗೆ ಹಾಕ್ಬೇಡ" ಬಿಟ್ಟರೆ ಬೇರೆ ಮಾತಿಲ್ಲ.

ವೇಣೂರಿನ ದಾರಿಯ ಬಸ್ಸು ಬಂತು. ಕಂಡಕ್ಟರ್ ಇವರನ್ನು ಕಂಡವನೇ ಕೆಳಗೆ ಹಾರಿ ಕೈಮುಗಿದ. ಹಳೆಯ ವಿದ್ಯಾರ್ಥಿಯಂತೆ. ಮಾಮ ಟ್ರಂಕನ್ನು ಅವನ ಕೈಗೆ ಕೊಟ್ಟು, ಬಸ್ಸಿನ ಟೈರು ನೋಡುತ್ತ ಹೇಳಿದರು:

"ಜಾಗ್ರತೆಯಲ್ಲಿ ಇಳಿಸು ಮಾರಾಯ. ನನ್ನ ಮಗಳು."

ಬಸ್ಸು ಹೊರಟಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಅವರು ಕೈ ಬೀಸಲಿಲ್ಲ. ಎದುರಿನ ಸಿಮೆಂಟ್ ಅಂಗಡಿಯ ಬೋರ್ಡನ್ನು, ಅದರಲ್ಲೇನೋ ತಪ್ಪು ಇದೆಯೆಂಬಂತೆ, ಓದುತ್ತ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಟಿಕೆಟಿಗೆ ಬಂದ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ. "ಸರ್‌ಗೆ ಮಕ್ಕಳಿಲ್ಲ ಅಂತ ನಾವೆಲ್ಲ ತಿಳ್ಕೊಂಡಿದ್ದೆವು. ಮಗಳು ಉಂಟಾ?"

ವಿವರಿಸಬಹುದಿತ್ತು. ಅಮ್ಮನ ತಮ್ಮ, ಘಟ್ಟದ ಬುಡದ ಊರು, ಏಳನೆಯ ತನಕ ಮಾತ್ರ ಇದ್ದ ಶಾಲೆ. ವೇಣೂರು ಬರುವವರೆಗೂ ಹೇಳುವಷ್ಟಿತ್ತು.

"ಉಂಟು," ಎಂದೆ.